ಕೇಳಿಕೊಂಡೇ ದಾಟುವ ದಾರಿ: ಯೇಸುಸಭೆಗೆ ಅರ್ಜಿ ಹಾಕಿದಲ್ಲಿಂದ ಗುರುದೀಕ್ಷೆಯವರೆಗೆ

ನನ್ನ ಗುರುದೀಕ್ಷೆ (ಕ್ಯಾಥೋಲಿಕ್ ಪಾದ್ರಿಯಾಗುವ ವಿಧಿ) ಮುಗಿದು ಆರು ವಾರವಾಯಿತು. ದೀಕ್ಷೆಯ ದಿನ ಮಾತಿಗೆ ಸಿಕ್ಕ ಹುಡುಗರು ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ವರ್ಷ ಹಿಡಿಯುತ್ತದೆ, ಏನೇನು ಕಾಗದ ಬೇಕು, ಮನೆಯವರಿಗೆ ಎಷ್ಟು ಖರ್ಚು ಬೀಳುತ್ತದೆ. ಅವರ ತಾಯಂದಿರದು ನಾಲ್ಕನೆಯ ಪ್ರಶ್ನೆ: ನಡುವೆ ಬಿಟ್ಟು ಬಂದರೆ ಮಗನ ಗತಿಯೇನು? ನಾಲ್ಕಕ್ಕೂ ಉತ್ತರ ಬರೆಯುತ್ತಿದ್ದೇನೆ. ಇದು ಯೇಸುಸಭೆಯ, ಅಂದರೆ ಜೆಸ್ವಿಟ್ ಎಂಬ ಕ್ಯಾಥೋಲಿಕ್ ಸಂನ್ಯಾಸಿ ಸಂಘದ ದಾರಿ. ಬೇರೆ ಮಿಷನರಿ ಸಭೆಗಳಲ್ಲಿ ಹಂತಗಳ ಹೆಸರು, ಅವಧಿ ಸ್ವಲ್ಪ ಬದಲಾಗುತ್ತವೆ. ಆದರೆ ಧರ್ಮಸಭೆಯ ಕಾನೂನು (1983ರ ಸಂಹಿತೆ) ಲ್ಯಾಟಿನ್ ವಿಧಿಯ ಸಭೆಗಳಿಗೆಲ್ಲ ಒಂದೇ.

ಮೊದಲು ವರ್ಷಗಳ ಲೆಕ್ಕ. ಪಿಯುಸಿ ಮುಗಿಸಿ ಸೇರಿದವರಿಗೆ ಸುಮಾರು 14 ವರ್ಷ, ಪದವಿ ಮುಗಿಸಿ ಬಂದವರಿಗೆ ಸುಮಾರು 11. ಪೂರ್ವಸಿದ್ಧತೆ ಒಂದು ವರ್ಷ, ನೊವಿಶಿಯೇಟ್ ಎಂಬ ನವಶಿಷ್ಯರ ತರಬೇತಿ ಎರಡು, ಭಾಷೆ-ಸಾಹಿತ್ಯದ ಜೂನಿಯರೇಟ್ ಒಂದು, ಪದವಿ ಮೂರು, ತತ್ವಶಾಸ್ತ್ರ ಎರಡು, ರೀಜೆನ್ಸಿ ಎಂಬ ಸೇವಾವಧಿ ಎರಡು, ದೈವಶಾಸ್ತ್ರ ಮೂರು. ದೀಕ್ಷೆ ಆದ ಮೇಲೂ ಕೆಲವು ವರ್ಷ ಕಳೆದು ಟರ್ಷಿಯನ್‌ಶಿಪ್ ಎಂಬ ಇನ್ನೊಂದು ಸುತ್ತು ಇದೆ. ಅದಾದ ಮೇಲೆಯೇ ಕೊನೆಯ ವ್ರತಗಳು. ಹಾಗಾಗಿ ‘ಮುಗಿಯಿತು’ ಎಂಬ ಮಾತನ್ನು ನಾನು ಹುಷಾರಾಗಿ ಬಳಸುತ್ತೇನೆ.

ಕಾಗದಪತ್ರ

ಬೇಕಾದದ್ದು ಇಷ್ಟು: ಜ್ಞಾನಸ್ನಾನದ (ಬ್ಯಾಪ್ಟಿಸಮ್) ಪ್ರಮಾಣಪತ್ರ, ದೃಢೀಕರಣ ಸಂಸ್ಕಾರದ (ಕನ್ಫರ್ಮೇಷನ್) ಪ್ರಮಾಣಪತ್ರ, ಅವಿವಾಹಿತ ಎಂಬುದಕ್ಕೆ ದಾಖಲೆ, ತಂದೆತಾಯಿಯ ಚರ್ಚ್ ಮದುವೆಯ ಪ್ರಮಾಣಪತ್ರ, ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳ ಶಿಫಾರಸು, ಎಸ್ಸೆಸ್ಸೆಲ್ಸಿಯಿಂದ ಮುಂದಿನ ಅಂಕಪಟ್ಟಿಗಳು, ವೈದ್ಯಕೀಯ ವರದಿ, ಮನೆಯವರ ಪತ್ರ. ಇವುಗಳಲ್ಲಿ ಮೊದಲ ಮೂರನ್ನು ಕಾನೂನೇ ಕೇಳುತ್ತದೆ. ಉಳಿದವು ಆಯಾ ಸಭೆಯ ಪದ್ಧತಿ.

ಮನೆಯಲ್ಲಿ ಚೌಕಟ್ಟು ಹಾಕಿಸಿ ಇಟ್ಟ ಹಳೆಯ ಜ್ಞಾನಸ್ನಾನದ ಪತ್ರ ನಡೆಯುವುದಿಲ್ಲ. ಆರು ತಿಂಗಳೊಳಗೆ ಹೊಸದಾಗಿ ಬರೆಸಿಕೊಂಡದ್ದೇ ಬೇಕು. ಕಾರಣ ಇಷ್ಟೆ: ದೃಢೀಕರಣ, ಮದುವೆ, ಆಜೀವ ವ್ರತ, ಗುರುದೀಕ್ಷೆ ಎಲ್ಲವನ್ನೂ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ನಮ್ಮ ಹೆಸರಿನ ಪಕ್ಕದ ಅಂಚಿನಲ್ಲೇ ಬರೆಯುತ್ತಾರೆ. ಅಂಚಿನಲ್ಲಿ ಮದುವೆಯ ಸಾಲು ಇಲ್ಲದಿದ್ದರೆ ಮದುವೆಯಾಗಿಲ್ಲ ಎಂದರ್ಥ. ಹೊಸ ಪ್ರತಿ ಕೊಡುವಾಗ ಗುರುಗಳು ಆ ಅಂಚನ್ನು ನೋಡಿಯೇ ಬರೆಯುತ್ತಾರೆ.

ತೊಡಕು ಹುಟ್ಟುವುದು ಹೆಸರಿನಲ್ಲಿ. ರಿಜಿಸ್ಟರಿನಲ್ಲಿ ‘ಜೋಕಿಂ’, ಶಾಲೆಯಲ್ಲಿ ‘ಜೋವಾಕಿಂ’, ಆಧಾರಿನಲ್ಲಿ ಮನೆತನದ ಹೆಸರು ಮುಂದೆ, ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ. ಸೇರುವಾಗ ಇದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಹನ್ನೆರಡು ವರ್ಷ ಕಳೆದು ಪಾಸ್‌ಪೋರ್ಟ್, ವೀಸಾ ಎಂದಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿಯ ಹೆಸರನ್ನು ಮೂಲವಾಗಿಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಅರ್ಜಿ ಹಾಕುವ ವರ್ಷವೇ ಮಾಡಿ. ರಿಜಿಸ್ಟರನ್ನು ಮಾತ್ರ ಯಾರಿಂದಲೂ ತಿದ್ದಿಸಬೇಡಿ. ‘ಇಬ್ಬರೂ ಒಬ್ಬನೇ’ ಎಂದು ಗುರುಗಳು ಪ್ರತ್ಯೇಕ ಪತ್ರ ಬರೆದುಕೊಟ್ಟರೆ ಸಾಕು.

ಇಲ್ಲಿಯೇ ಮೊದಲ ಪಾಠ ಶುರುವಾಗುತ್ತದೆ. ಕಚೇರಿಯ ಬೆಂಚಿನ ಮೇಲೆ ಕೂತು ‘ಸ್ವಾಮಿ, ಒಂದು ಸರ್ಟಿಫಿಕೇಟ್ ಬೇಕಿತ್ತು’ ಎನ್ನುವುದು, ‘ಗುಮಾಸ್ತರು ಇಲ್ಲ, ಗುರುವಾರ ಬಾ’ ಎನ್ನಿಸಿಕೊಳ್ಳುವುದು, ಗುರುವಾರ ಮತ್ತೆ ಹೋಗುವುದು. ಈ ದಾರಿಯಲ್ಲಿ ನಾವಾಗಿ ಬರೆದುಕೊಳ್ಳಬಹುದಾದ ಕಾಗದ ಒಂದೇ, ಬೇಡಿಕೆಯ ಪತ್ರ. ಮಿಕ್ಕ ಎಲ್ಲಕ್ಕೂ ಇನ್ನೊಬ್ಬರ ಸಹಿ ಬೇಕು. ದೈವಕರೆ ಎನ್ನುವುದು ‘ನನಗೆ ಹೀಗನ್ನಿಸಿತು’ ಎಂಬಲ್ಲಿಗೆ ಮುಗಿಯುವುದಿಲ್ಲ. ‘ಹೌದು’ ಎಂದು ಧರ್ಮಸಭೆ ಹೇಳಬೇಕು. ಅದು ಹೇಳುವವರೆಗೆ ಕಾಯಬೇಕು.

ಸಾಲದ ವಿಷಯ ಮುಚ್ಚಿಡಬೇಡಿ. ತೀರಿಸಲಾಗದ ಸಾಲ ಇದ್ದವರನ್ನು ನೊವಿಶಿಯೇಟಿಗೆ ಸೇರಿಸಿಕೊಳ್ಳಬಾರದು ಎಂದು ಕಾನೂನೇ ಇದೆ (644ನೇ ವಿಧಿ). ಶಿಕ್ಷಣ ಸಾಲ, ಗೆಳೆಯನಿಗೆ ಹಾಕಿದ ಜಾಮೀನು, ಮೊಬೈಲಿನ ಕಂತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಪ್ಪಿನಲ್ಲಿ ತಂದೆತಾಯಿಯನ್ನು ನೋಡಿಕೊಳ್ಳುವವರು ಯಾರು ಎಂದೂ ಕೇಳುತ್ತಾರೆ. ‘ದೇವರು ನೋಡಿಕೊಳ್ಳುತ್ತಾನೆ’ ಎಂಬ ಉತ್ತರ ಅಲ್ಲಿ ಸಾಲದು. ದೇವರ ಮೇಲೆ ಭಾರ ಹಾಕುವುದು ಬೇರೆ, ಅಣ್ಣನ ಮೇಲೆ ಹಾಕಿ ದೇವರ ಹೆಸರು ಹೇಳುವುದು ಬೇರೆ. ಅಣ್ಣನ ಹತ್ತಿರ ಬಾಯಿಬಿಟ್ಟು ಮಾತಾಡಿ, ಅವನು ಒಪ್ಪಿದ ಮೇಲೆಯೇ ಆ ಉತ್ತರ ಬರೆಯಿರಿ.

ಮನಃಶಾಸ್ತ್ರೀಯ ಪರೀಕ್ಷೆಯೂ ಇರುತ್ತದೆ. ಪ್ರಶ್ನಾವಳಿ, ಚಿತ್ರ ನೋಡಿ ಕಥೆ ಹೇಳುವುದು, ಒಂದೆರಡು ತಾಸಿನ ಸಂದರ್ಶನ. ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಮಾಡುವಂತಿಲ್ಲ. ವರದಿಯನ್ನು ಯಾರು ಯಾರು ಓದುತ್ತಾರೆ ಎಂದು ಕೇಳಿ ತಿಳಿದುಕೊಂಡು ಸಹಿ ಹಾಕಿ. ಹಾಗೆ ಕೇಳುವುದು ಉದ್ಧಟತನವಲ್ಲ. ಒಳ್ಳೆಯವನಂತೆ ಕಾಣುವ ಉತ್ತರ ಹುಡುಕಿ ಬರೆದರೆ ಸಿಕ್ಕಿಬೀಳುತ್ತೀರಿ. ಆ ಪ್ರಶ್ನೆಗಳು ಹೆಣೆದಿರುವುದೇ ಹಾಗೆ.

ಖರ್ಚು? ನಮ್ಮಲ್ಲಿ ಶುಲ್ಕ ಕೇಳಲಿಲ್ಲ. ಎರಡು ಜೊತೆ ಪ್ಯಾಂಟು ಶರಟು, ಹಾಸಿಗೆ ಬಟ್ಟೆ, ಕನ್ನಡಕ ಇದ್ದರೆ ಇನ್ನೊಂದು ಕನ್ನಡಕ, ಬಸ್ ಚಾರ್ಜು. ಸೇರುವ ಮುಂಚೆ ಹಲ್ಲಿನ ಕೆಲಸ ಮುಗಿಸಿಕೊಂಡು ಹೋಗಿ. ಮೂವತ್ತು ದಿನದ ಮೌನದಲ್ಲಿ ಹಲ್ಲುನೋವಿನಷ್ಟು ಕಾಟ ಕೊಡುವುದು ಬೇರೆ ಇಲ್ಲ.

ಮೂವತ್ತು ದಿನದ ಮೌನ

ಕರ್ನಾಟಕದ ಯೇಸುಸಭೆಯ ನೊವಿಶಿಯೇಟ್ ಇರುವುದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಮೌಂಟ್ ಸೇಂಟ್ ಜೋಸೆಫ್‌ನಲ್ಲಿ. ಕಾನೂನಿನ ಪ್ರಕಾರ ನೊವಿಶಿಯೇಟಿಗೆ ಕನಿಷ್ಠ 17 ವರ್ಷ ತುಂಬಿರಬೇಕು, ಕನಿಷ್ಠ 12 ತಿಂಗಳು ಆ ಮನೆಯಲ್ಲೇ ಕಳೆಯಬೇಕು. ಯೇಸುಸಭೆಯಲ್ಲಿ ಅದು ಎರಡು ವರ್ಷ. ಆ 12 ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಅಷ್ಟನ್ನೂ ತುಂಬಿಕೊಡಬೇಕು. ಮೂರು ತಿಂಗಳು ಮೀರಿದರೆ ನೊವಿಶಿಯೇಟೇ ಅಸಿಂಧು. ಅಕ್ಕನ ಮದುವೆ, ಅಪ್ಪನ ಆಪರೇಷನ್ ಬಂದಾಗ ಇದೇ ಲೆಕ್ಕ ಹಿಡಿದು ರಜೆ ಕೊಡುತ್ತಾರೆ. ಗುರುಗಳಿಗೆ ಕರುಣೆಯಿಲ್ಲ ಎಂದು ಮನೆಯವರು ನೊಂದುಕೊಳ್ಳದಂತೆ ಮೊದಲೇ ಹೇಳಿಟ್ಟಿರಿ.

ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸರು ನವಶಿಷ್ಯರಿಗೆಂದು ಆರು ‘ಪರೀಕ್ಷೆ’ಗಳನ್ನು ಬರೆದಿಟ್ಟಿದ್ದಾರೆ: ಒಂದು ತಿಂಗಳ ಆಧ್ಯಾತ್ಮಿಕ ಸಾಧನೆ, ಒಂದು ತಿಂಗಳು ಆಸ್ಪತ್ರೆಯ ಸೇವೆ, ಒಂದು ತಿಂಗಳು ಕೈಯಲ್ಲಿ ಕಾಸಿಲ್ಲದೆ ಯಾತ್ರೆ, ಮನೆಯೊಳಗಿನ ಕೀಳೆನಿಸುವ ಕೆಲಸಗಳು, ಮಕ್ಕಳಿಗೂ ಓದು ಬಾರದವರಿಗೂ ಧರ್ಮಪಾಠ, ಕೊನೆಗೆ ಪ್ರವಚನ. ಈಗ ಅವಧಿಗಳನ್ನು ಅಲ್ಲಲ್ಲಿ ಮೊಟಕು ಮಾಡುತ್ತಾರೆ. ಮೊದಲನೆಯದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಆ ಮೂವತ್ತು ದಿನ ಫೋನಿಲ್ಲ, ಪತ್ರಿಕೆಯಿಲ್ಲ, ಊಟದ ಮೇಜಿನಲ್ಲೂ ಮಾತಿಲ್ಲ. ದಿನಕ್ಕೆ ಒಂದೊಂದು ತಾಸಿನ ನಾಲ್ಕೈದು ಧ್ಯಾನ. ದಿನಕ್ಕೊಮ್ಮೆ ಮಾರ್ಗದರ್ಶಕರ ಭೇಟಿ. ನಡುನಡುವೆ ಬಿಡುವಿನ ದಿನ. ನಾಲ್ಕು ‘ವಾರ’ ಎನ್ನುತ್ತಾರೆ, ಏಳೇಳು ದಿನವೇ ಆಗಬೇಕೆಂದಿಲ್ಲ. ಮೊದಲ ವಾರ ಪಾಪದ ಅರಿವು ಮತ್ತು ಇಡೀ ಬದುಕಿನ ಪಾಪನಿವೇದನೆ. ಎರಡನೆಯದು ಪ್ರಭುವಿನ ಬದುಕು, ಮೂರನೆಯದು ಶಿಲುಬೆ, ನಾಲ್ಕನೆಯದು ಪುನರುತ್ಥಾನ.

ಸಾಮಾನ್ಯವಾಗಿ ಕೆಡುವುದು ಮೊದಲ ಹತ್ತು ದಿನ ದಾಟುವಾಗ. ತಲೆನೋವು, ತೂಕಡಿಕೆ, ‘ನನ್ನಿಂದಾಗದು’ ಎಂಬ ಒಣಗಿದ ಮನಸ್ಸು. ಹುಬ್ಬು ಗಂಟಿಕ್ಕಿ ದೇವರನ್ನು ಹಿಡಿದೆಳೆಯಲು ಹೋಗಿರುತ್ತೇವೆ, ಅದಕ್ಕೇ ಹೀಗೆ. ಮದ್ದು ಆ ಸಾಧನೆಗಳ ಪುಸ್ತಕದಲ್ಲೇ ಇದೆ. ಮಂಡಿಯೂರಿ ಆಗದಿದ್ದರೆ ಕೂತುಕೊಳ್ಳಿ, ಕೂತು ಆಗದಿದ್ದರೆ ಮಲಗಿ; ಬೇಕಾದದ್ದು ಸಿಕ್ಕಿತೆಂದರೆ ಅಲ್ಲಿಯೇ ನಿಲ್ಲಿ. ಒಣಗಿದ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡಿ, ಎದ್ದುಹೋಗುವ ಮನಸ್ಸಾದರೆ ಇನ್ನೂ ಐದು ನಿಮಿಷ ಹೆಚ್ಚೇ ಕೂತಿರಿ. ರಾತ್ರೋರಾತ್ರಿ ಪೆಟ್ಟಿಗೆ ಕಟ್ಟುವವರನ್ನು ಈ ಒಂದು ನಿಯಮ ಎಷ್ಟೋ ಸಲ ಉಳಿಸಿದೆ.

ಎರಡನೆಯ ವಾರದ ನಾಲ್ಕನೆಯ ದಿನ ‘ಎರಡು ಪತಾಕೆ’ಗಳ ಧ್ಯಾನ. ಇಡೀ ತರಬೇತಿಯ ಬೀಗದ ಕೈ ಇಲ್ಲಿದೆ ಎಂದು ನನ್ನ ಎಣಿಕೆ. ವೈರಿಯ ಮೆಟ್ಟಿಲು ಮೂರು: ಸಿರಿ, ಸಿರಿಯಿಂದ ಹೆಸರು, ಹೆಸರಿನಿಂದ ಗರ್ವ. ಕ್ರಿಸ್ತನದೂ ಮೂರು: ಬಡತನ, ಬಡತನದಿಂದ ಅವಮಾನ, ಅವಮಾನದಿಂದ ದೀನತೆ. ದೀನತೆಯನ್ನು ಕೂತಲ್ಲಿ ಯೋಚಿಸಿ ಸಂಪಾದಿಸಲು ಆಗುವುದಿಲ್ಲ, ಮೆಟ್ಟಿಲು ಹತ್ತಿಯೇ ಹೋಗಬೇಕು ಎಂದು ಇಗ್ನೇಷಿಯಸರು ಕಂಡುಕೊಂಡಿದ್ದರು. ಧ್ಯಾನದ ನಂತರ ಆಸ್ಪತ್ರೆ, ಅಡಿಗೆಮನೆ, ಬೀದಿ ಸಾಲಾಗಿ ಬರುವುದು ಅದಕ್ಕೇ.

ಆಸ್ಪತ್ರೆಯ ತಿಂಗಳಿನ ಬಗ್ಗೆ ಇಷ್ಟೇ: ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು, ಮೊದಲೇ ಶುರುಮಾಡಿ. ಬೆಡ್‌ಪ್ಯಾನ್ ತೆಗೆಯುವುದು, ಹುಣ್ಣು ಒರೆಸುವುದು, ಹಾಸಿಗೆ ಹುಣ್ಣು ಬಾರದಂತೆ ಎರಡು ತಾಸಿಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸುವುದು. ಅಸಹ್ಯ ಒಂದು ವಾರದಲ್ಲಿ ಇಳಿಯುತ್ತದೆ. ರೋಗಿ ಬೈದಾಗ ಬರುವ ಸಿಟ್ಟು ಇಳಿಯಲು ಹೆಚ್ಚು ದಿನ ಬೇಕು.

ಕಾಸಿಲ್ಲದ ಯಾತ್ರೆ

ಹೊಸಬರು ಹೆಚ್ಚು ಹೆದರುವುದು ಇದಕ್ಕೆ, ಆಮೇಲೆ ಹೆಚ್ಚು ನೆನೆಯುವುದೂ ಇದನ್ನೇ. ಅದಕ್ಕಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇಬ್ಬಿಬ್ಬರನ್ನು ಜೋಡಿ ಮಾಡಿ ಕಳಿಸುತ್ತಾರೆ. ಜೋಡಿ ನಮ್ಮ ಆಯ್ಕೆಯಲ್ಲ. ಜೇಬಿನಲ್ಲಿ ಹಣವಿಲ್ಲ, ಕೆಲವೊಮ್ಮೆ ಅನಾಹುತಕ್ಕೆಂದು ಒಂದಿಷ್ಟು ದುಡ್ಡು ಅಂಟಿಸಿದ ಲಕೋಟೆಯಲ್ಲಿ ಕೊಡುತ್ತಾರೆ, ಹಾಗೆಯೇ ವಾಪಸು ಕೊಡಬೇಕು. ಫೋನಿಲ್ಲ. ನೊವಿಶಿಯೇಟಿನ ನಂಬರು ಒಂದು ಚೀಟಿಯಲ್ಲಿ. ಆಧಾರ್ ಕಾರ್ಡ್ ಮತ್ತು ಗುರುಗಳ ಸಹಿಯಿರುವ ಪರಿಚಯ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ. ಒಂದು ಜೊತೆ ಬಟ್ಟೆ, ಚಾದರ, ಟವೆಲ್, ನೀರಿನ ಬಾಟಲಿ, ಸೋಪಿನ ತುಂಡು, ಓಆರ್‌ಎಸ್ ಪೊಟ್ಟಣ ನಾಲ್ಕು, ಜಪಸರ, ಕಿರು ಗಾತ್ರದ ಹೊಸ ಒಡಂಬಡಿಕೆ. ಚೀಲ ನಾಲ್ಕು ಕಿಲೋ ದಾಟಿದರೆ ಮೂರನೆಯ ದಿನ ಏನನ್ನಾದರೂ ಬಿಸಾಡುತ್ತೀರಿ.

ಹೊಸ ಚಪ್ಪಲಿ ಬೇಡ. ಎರಡು ತಿಂಗಳು ಹಾಕಿ ಪಳಗಿದ್ದು, ಹಿಂದೆ ಪಟ್ಟಿ ಇರುವುದು ಸರಿ. ಮೊದಲ ದಿನ 12 ಕಿಲೋಮೀಟರ್ ದಾಟಬೇಡಿ, ನಾಲ್ಕನೆಯ ದಿನದಿಂದ 20 ಆಗುತ್ತದೆ. ಬೆಳಿಗ್ಗೆ ಐದರಿಂದ ಹತ್ತು, ಸಂಜೆ ನಾಲ್ಕರಿಂದ ಆರು ನಡೆಯಿರಿ. ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಉಜ್ಜುವುದು ಕಡಿಮೆ. ಗುಳ್ಳೆ ಎದ್ದರೆ ಚರ್ಮ ಕೀಳಬೇಡಿ. ಕೀವಾಗಿ ಯಾತ್ರೆ ಅಲ್ಲಿಗೇ ನಿಲ್ಲುವುದು ಹೀಗೆಯೇ.

ಬೇಡುವುದು ಹೇಗೆ? ಕತ್ತಲಾದ ಮೇಲೆ ಅಪರಿಚಿತ ಊರೊಳಗೆ ಕಾಲಿಡಬೇಡಿ. ಮಕ್ಕಳ ಕಳ್ಳರೆಂಬ ಗಾಳಿಸುದ್ದಿ ಹಬ್ಬಿದ ದಿನಗಳಲ್ಲಿ ಇದು ಪ್ರಾಣದ ವಿಷಯ. ಬೆಳಕಿರುವಾಗಲೇ ಊರು ಸೇರಿ, ಪಂಚಾಯಿತಿ ಸದಸ್ಯರಿಗೋ ಚಹಾದ ಅಂಗಡಿಯವರಿಗೋ ಪತ್ರ ತೋರಿಸಿ, ರಾತ್ರಿ ಎಲ್ಲಿ ಮಲಗುತ್ತೇವೆಂದು ಹೇಳಿಬಿಡಿ. ಮಠ, ಛತ್ರ, ದೇವಸ್ಥಾನದ ಜಗಲಿ, ದರ್ಗಾದ ಅಂಗಳ, ಶಾಲೆಯ ವರಾಂಡ. ಕೇಳಿದರೆ ಇವುಗಳಲ್ಲಿ ಒಂದಲ್ಲ ಒಂದು ಸಿಗುತ್ತದೆ. ಪರಿಚಯದ ಕಾನ್ವೆಂಟಿಗೆ ಹೋಗಿ ಬಿಸಿನೀರು ಕೇಳಿದರೆ ಯಾತ್ರೆ ಅಲ್ಲ, ಪ್ರವಾಸ. ಕೂಲಿಯವರ ಮನೆಗೆ ಹನ್ನೊಂದು ಗಂಟೆಗೆ ಹೋದರೆ ಬಾಗಿಲಿಗೆ ಚಿಲಕ. ಬೆಳಕಿರುವಾಗಲೇ ಸೇರಿ ಪರಿಚಯ ಹೇಳಿಕೊಂಡ ಊರಿನಲ್ಲಿ ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಏಳರ ಮೇಲೆ ಹೋಗಬೇಕು.

ಮಾತು ನೇರವಾಗಿರಲಿ: ‘ಅಮ್ಮಾ, ಯಾತ್ರೆ ಹೊರಟಿದ್ದೀವಿ, ದುಡ್ಡು ಇಟ್ಕೊಂಡಿಲ್ಲ. ಏನಾದ್ರೂ ಮಿಕ್ಕಿದ್ರೆ ಕೊಡ್ತೀರಾ?’ ಕ್ರೈಸ್ತರೇ ಎಂದು ಕೇಳಿದರೆ ಹೌದು ಎನ್ನಿ, ಮುಚ್ಚಿಡಬೇಡಿ. ಆದರೆ ಕರಪತ್ರ ಒಯ್ಯಬೇಡಿ, ಧರ್ಮದ ವಾದಕ್ಕೆ ಇಳಿಯಬೇಡಿ. ಅನ್ನ ಹಾಕಿದವರ ಅಂಗಳದಲ್ಲಿ ನಾವು ಅತಿಥಿಗಳು. ಹಣ ಕೊಟ್ಟರೆ ತೆಗೆದುಕೊಳ್ಳಬೇಡಿ. ಜೋಳಿಗೆ, ಜಂಗಮ, ಮಧುಕರ ವೃತ್ತಿ, ದಾಸೋಹ ಎಲ್ಲವೂ ಗೊತ್ತಿರುವ ನಾಡು ನಮ್ಮದು. ‘ದೇವರ ಹೆಸರಲ್ಲಿ ಬೇಡುತ್ತಿದ್ದೇವೆ’ ಎಂದರೆ ಇಲ್ಲಿ ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಯಾವ ಊರು, ಯಾವ ಜನ ಎಂದು ಮಾತ್ರ ಕೇಳಿಯೇ ಕೇಳುತ್ತಾರೆ. ‘ಗಟ್ಟಿಯಾಗಿದ್ದೀರಿ, ದುಡಿದು ತಿನ್ನೋಕೇನು?’ ಎಂದೂ ಕೇಳುತ್ತಾರೆ. ಕೇಳಿದ್ದು ನ್ಯಾಯವೇ. ತಲೆಬಾಗಿ ಮುಂದಿನ ಮನೆಗೆ ಹೋಗಿ.

ಒಂದು ಸೂಕ್ಷ್ಮ ಇದೆ. ಮೂರನೆಯ ದಿನದ ಹೊತ್ತಿಗೆ ‘ಊಟ ಕೊಟ್ಟರೆ ಸೌದೆ ಸೀಳಿಕೊಡುತ್ತೇವೆ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಒಳ್ಳೆಯ ಮಾತಿನಂತೆಯೇ ಕೇಳುತ್ತದೆ. ಆದರೆ ಆಮೇಲೆ ಆ ಊಟ ಕೂಲಿಯಾಗುತ್ತದೆ, ಋಣ ತೀರುತ್ತದೆ, ತಲೆ ಮತ್ತೆ ಎತ್ತರವಾಗುತ್ತದೆ. ಊಟವಾದ ಮೇಲೆ ತಟ್ಟೆ ತೊಳೆದಿಡಿ, ಅಂಗಳದಲ್ಲಿ ಕೆಲಸ ಕಂಡರೆ ಕೈಹಾಕಿ. ಕೇಳುವಾಗ ಮಾತ್ರ ವ್ಯಾಪಾರ ಬೇಡ, ಸುಮ್ಮನೆ ಕೇಳಿ. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು ಎಂದು ನಿಲ್ಲುವ ಆ ಅರೆ ನಿಮಿಷವೇ ಈ ಯಾತ್ರೆಯ ತಿರುಳು. ಪ್ರಾರ್ಥನೆಯಲ್ಲಿ ದೇವರ ಮುಂದೆ ನಿಲ್ಲುವುದೂ ಹಾಗೆಯೇ ಎಂದು ಬಾಗಿಲಲ್ಲಿ ನಿಂತಾಗ ಕಾಲಿಗೆ ತಿಳಿಯುತ್ತದೆ.

ಕರಾವಳಿಯಿಂದ ಬಂದವರಿಗೆ ಸಂತ ಜೋಸೆಫ್ ವಾಜ್ ಅಪರಿಚಿತರಲ್ಲ. 1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಹುಟ್ಟಿದ ಅವರು 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದರು. ಡಚ್ಚರ ಕಿರುಕುಳದಿಂದ ಗುರುಗಳೇ ಇಲ್ಲದಂತಾಗಿದ್ದ ಶ್ರೀಲಂಕೆಗೆ 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ದಾಟಿದರು. ಜಾಫ್ನಾ ಮುಟ್ಟುವಾಗ ರೋಗದಿಂದ ಜರ್ಜರಿತರಾಗಿದ್ದರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ನಮ್ಮ ಯಾತ್ರೆಗೆ ಕೊನೆಯ ದಿನಾಂಕ ಇರುತ್ತದೆ, ಹಿಂದಿರುಗಲು ಮನೆ ಇರುತ್ತದೆ. ಅವರಿಗೆ ಎರಡೂ ಇರಲಿಲ್ಲ. ಕಾಲು ನೋಯುವಾಗ ಇದನ್ನು ನೆನೆದರೆ ಗೊಣಗು ನಿಲ್ಲುತ್ತದೆ.

ಪ್ರತಿ ರಾತ್ರಿ ಎರಡು ಸಾಲು ಬರೆದಿಡಿ: ಇವತ್ತು ಯಾರು ಏನು ಕೊಟ್ಟರು, ಎಲ್ಲಿ ಸಿಟ್ಟು ಬಂತು. ವಾಪಸು ಬಂದ ಮೇಲೆ ನೊವಿಸ್ ಮಾಸ್ಟರ್ (ನವಶಿಷ್ಯರ ಹೊಣೆ ಹೊತ್ತ ಗುರು) ಕೇಳುವುದು ಇದನ್ನೇ. ಎಷ್ಟು ಕಿಲೋಮೀಟರ್ ನಡೆದಿರಿ ಎಂದು ಅವರು ಕೇಳುವುದಿಲ್ಲ.

ವ್ರತ, ಓದು, ಭಾಷೆ

ಎರಡು ವರ್ಷ ಮುಗಿದಾಗ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ. ಬೇರೆ ಹಲವು ಸಭೆಗಳಲ್ಲಿ ಮೊದಲು ಮೂರರಿಂದ ಆರು ವರ್ಷದ ತಾತ್ಕಾಲಿಕ ವ್ರತ. ಯೇಸುಸಭೆಯಲ್ಲಿ ಮೊದಲ ವ್ರತವೇ ಆಜೀವ. ಅದಕ್ಕೂ ಮುಂಚೆ ನಿಮ್ಮ ಹೆಸರಲ್ಲಿರುವ ಆಸ್ತಿಯ ಆಡಳಿತವನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕು. ಜಂಟಿ ಪಹಣಿಯಲ್ಲಿ ಹೆಸರಿದ್ದರೆ ತಾಲ್ಲೂಕು ಕಚೇರಿಯ ಓಡಾಟ ಇದೆ ಎಂದು ತಿಳಿಯಿರಿ, ಆರು ತಿಂಗಳು ಮುಂಚೆಯೇ ಶುರುಮಾಡಿ.

ತಾಯಂದಿರ ಪ್ರಶ್ನೆಗೆ ಉತ್ತರ ಇಲ್ಲಿದೆ. ನೊವಿಸ್ ಯಾವ ದಿನ ಬೇಕಾದರೂ ಹೊರಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ವ್ರತದ ನಂತರ ಹೊರಡುವವರಿಗೆ ವ್ರತದಿಂದ ಬಿಡುಗಡೆಯ ಪತ್ರ ಬೇಕು. ಕೇಳಿದರೆ ಅದಕ್ಕೆ ಕ್ರಮ ಇದೆ. ಓದಿದ ಪದವಿ ನಿಮ್ಮದೇ. ಹೊರಟವರನ್ನು ‘ಓಡಿಬಂದವ’ ಎಂದು ಊರಿನವರು ಕರೆಯುವುದು ಅನ್ಯಾಯ. ದೇವರ ಮುಂದೆ ಪ್ರಾಮಾಣಿಕವಾಗಿ ಕೂತು, ತನ್ನ ದಾರಿ ಇದಲ್ಲವೆಂದು ತಿಳಿದು ಹೊರಡುವುದಕ್ಕೆ ಉಳಿಯುವುದಕ್ಕಿಂತ ಹೆಚ್ಚು ದೀನತೆ ಬೇಕಾಗಬಹುದು.

ಓದಿನ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತತ್ವಶಾಸ್ತ್ರ ಎರಡು ವರ್ಷ, ದೈವಶಾಸ್ತ್ರ ಪುಣೆಯಲ್ಲೋ ದೆಹಲಿಯಲ್ಲೋ. ರ‍್ಯಾಂಕು ಬಂದವರಿಗೆ ಒಂದು ರೋಗ, ಫೇಲಾದವರಿಗೆ ಇನ್ನೊಂದು; ಎರಡಕ್ಕೂ ದಿನಕ್ಕೆರಡು ಸಲದ ಆತ್ಮಶೋಧನೆಯೇ ಔಷಧ.

ರೀಜೆನ್ಸಿಗೆ ಕರ್ನಾಟಕದವರು ಮುಂಡಗೋಡಿಗೋ ರಾಯಚೂರು ಜಿಲ್ಲೆಯ ಮಾನ್ವಿಗೋ ಹೋಗಬೇಕಾಗಬಹುದು. ಕೊಂಕಣಿ ಮನೆಮಾತಿನ ಹುಡುಗ, ಪುಸ್ತಕದ ಕನ್ನಡ ಕಲಿತವನು, ಹಾಸ್ಟೆಲಿನಲ್ಲಿ ‘ಸರ, ಹೊಟ್ಟಿ ನೋಯಾಕತ್ತೈತ್ರಿ’ ಎಂಬ ಮಾತಿನ ಮುಂದೆ ಕಕ್ಕಾಬಿಕ್ಕಿಯಾಗುತ್ತಾನೆ. ಮೂರನೆಯ ತರಗತಿಯ ಮಕ್ಕಳೇ ಗುರುಗಳು. ಅವರು ನಗುತ್ತಾರೆ, ನಗಲಿ, ತಿದ್ದಿಸಿಕೊಳ್ಳಿ. ಲಂಬಾಣಿ ಮಕ್ಕಳಿಂದ ಅವರ ಮಾತಿನ ಐವತ್ತು ಪದ ಮೊದಲ ತಿಂಗಳಲ್ಲೇ ಬರೆದುಕೊಳ್ಳಿ: ನೀರು, ಜ್ವರ, ಅಮ್ಮ, ಹೆದರಿಕೆ. ಇದು ಹೊಸ ಕಷ್ಟವೇನಲ್ಲ. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಕೂಡ ಕನ್ನಡವನ್ನು ಅಕ್ಷರದಿಂದಲೇ ಕಲಿಯಬೇಕಾಯಿತು. ಮಿಷನರಿಗೆ ಪರಭಾಷೆಯಷ್ಟು ದೀನತೆ ಕಲಿಸುವ ಪಾಠ ಬೇರೊಂದಿಲ್ಲ. ಎರಡು ಪದವಿ ಇದ್ದವನೂ ಅಲ್ಲಿ ಮಗುವಿನಂತೆ ‘ನೀರು ಬೇಕು’ ಎಂಬಲ್ಲಿಂದ ಶುರುಮಾಡಬೇಕು.

ಕಾಣದ ಪತ್ರಗಳು

ದೈವಶಾಸ್ತ್ರದ ಕೊನೆಯ ವರ್ಷದಲ್ಲಿ ಎರಡು ವಿಷಯ ಒಟ್ಟಿಗೆ ಬರುತ್ತವೆ. ಒಂದು, ಪಾಪನಿವೇದನೆ ಕೇಳಲು ಅರ್ಹತೆಯ ಮೌಖಿಕ ಪರೀಕ್ಷೆ. ಬಡ್ಡಿ ವ್ಯವಹಾರ, ಗರ್ಭಪಾತ, ಕದ್ದ ಮಾಲು ಹಿಂತಿರುಗಿಸುವುದು, ಪಾಪನಿವೇದನೆಯ ಗುಟ್ಟು ಹೀಗೆ ಒಂದೊಂದು ಪ್ರಸಂಗ ಕೊಟ್ಟು ಏನು ಹೇಳುತ್ತೀ ಎಂದು ಕೇಳುತ್ತಾರೆ. ಎಡವುವುದು ನಿಯಮ ಮರೆತವರಿಗಿಂತ ಅವಸರದಲ್ಲಿ ತೀರ್ಪು ಕೊಟ್ಟವರೇ ಹೆಚ್ಚು. ಮೊದಲು ಕೇಳಿಸಿಕೊಳ್ಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ.

ಇನ್ನೊಂದು, ನಿಮ್ಮ ಜೊತೆ ಬದುಕಿದ, ದುಡಿದ ಹಲವರಿಗೆ ಗುಪ್ತ ಪ್ರಶ್ನಾವಳಿ ಹೋಗುತ್ತದೆ. ಇವನ ಪ್ರಾರ್ಥನೆ ಹೇಗೆ, ಹಣದ ವಿಷಯದಲ್ಲಿ ಹೇಗೆ, ಹೆಂಗಸರೊಡನೆ ಮಕ್ಕಳೊಡನೆ ನಡತೆ ಹೇಗೆ, ಬೈಸಿಕೊಂಡಾಗ ಹೇಗೆ. ಯಾರು ಬರೆದರು, ಏನು ಬರೆದರು ಎಂಬುದು ನಿಮಗೆ ತಿಳಿಯುವುದಿಲ್ಲ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಜೊತೆಯವನಿಗೆ ದೀಕ್ಷೆಯ ಒಪ್ಪಿಗೆ ಪತ್ರ ಬಂದು ನಿಮಗೆ ಬಾರದ ವಾರಗಳು ಕಠಿಣ. ಊಹಿಸುತ್ತ ಒಬ್ಬೊಬ್ಬರ ಮುಖ ನೋಡುವ ಚಾಳಿ ಹತ್ತುತ್ತದೆ. ಅದಕ್ಕೆ ಆಸ್ಪದ ಕೊಡಬೇಡಿ. ಒಂದು ವರ್ಷ ತಡಮಾಡು ಎಂದರೂ ಅದು ಶಿಕ್ಷೆಯಲ್ಲ. ಕಾರಣ ಕೇಳಲು ನಿಮಗೆ ಹಕ್ಕಿದೆ, ಶಾಂತವಾಗಿ ಕೇಳಿ.

ಸೇವಾದರ್ಶಿ ದೀಕ್ಷೆಗೂ (ಗುರುದೀಕ್ಷೆಗೆ ಹಿಂದಿನ ಮೆಟ್ಟಿಲಾದ ಡೀಕನ್ ದೀಕ್ಷೆ) ಗುರುದೀಕ್ಷೆಗೂ ಮುಂಚೆ ಸ್ವಂತ ಕೈಬರಹದಲ್ಲಿ ಒಂದು ಪತ್ರ ಕೊಡಬೇಕು (1036ನೇ ವಿಧಿ): ‘ಯಾರ ಒತ್ತಾಯವೂ ಇಲ್ಲದೆ, ಸ್ವಂತ ಮನಸ್ಸಿನಿಂದ ಕೇಳುತ್ತಿದ್ದೇನೆ, ಬದುಕಿನುದ್ದಕ್ಕೂ ಈ ಸೇವೆಯಲ್ಲಿರುತ್ತೇನೆ.’ ಟೈಪ್ ಮಾಡಿದ್ದು ನಡೆಯದು. ಮಾದರಿ ನೋಡಿ ನಕಲು ಮಾಡಬೇಡಿ, ನಿಮ್ಮ ಮಾತಿನಲ್ಲೇ ಬರೆಯಿರಿ. ಎರಡು ದೀಕ್ಷೆಗಳ ನಡುವೆ ಕನಿಷ್ಠ ಆರು ತಿಂಗಳು ಬೇಕು, ಗುರುದೀಕ್ಷೆಗೆ 25 ವರ್ಷ ತುಂಬಿರಬೇಕು, ಮುಂಚೆ ಕನಿಷ್ಠ ಐದು ದಿನದ ಧ್ಯಾನಕೂಟ ಆಗಿರಬೇಕು. ಬಿಷಪರಿಗೆ ನಮ್ಮ ಮೇಲಧಿಕಾರಿಯ ಅನುಮತಿ ಪತ್ರ ಮುಟ್ಟಿದೆಯೇ ಎಂದು ಒಂದು ತಿಂಗಳು ಮುಂಚೆ ವಿಚಾರಿಸಿ. ಆಮಂತ್ರಣ ಹಂಚಿದ ಮೇಲೆ ಪತ್ರವೇ ಹೋಗಿಲ್ಲ ಎಂದು ತಿಳಿಯುವುದು ಬೇಡ.

ಈಗ ಖರ್ಚು. ಎಲ್ಲರನ್ನೂ ಮುಳುಗಿಸುವುದು ದೀಕ್ಷೆಯ ಔತಣ. ಶಾಮಿಯಾನ, ಸಾವಿರ ಎಲೆ ಊಟ, ಬ್ಯಾಂಡು, ವಿಡಿಯೊ, ಕಟೌಟು. ಬಡತನದ ವ್ರತ ತೊಟ್ಟ ಮಗನ ದೀಕ್ಷೆಗೆ ಅಪ್ಪ ಸಂಘದಲ್ಲಿ ಸಾಲ ಎತ್ತಿದ್ದನ್ನು ಕಂಡಿದ್ದೇನೆ, ಇದು ನೋವಿನ ಸಂಗತಿ. ಆರು ತಿಂಗಳು ಮುಂಚೆ ಮನೆಯಲ್ಲಿ ಕೂತು ಮೊತ್ತ ನಿಗದಿ ಮಾಡಿ. ಅನ್ನ, ಸಾರು, ಒಂದು ಪಲ್ಯ, ಪಾಯಸ. ಎಲ್ಲರಿಗೂ ಒಂದೇ ಪಂಕ್ತಿ. ಹೊಸ ಪೂಜಾಪಾತ್ರೆ ಕೊಳ್ಳಲೇಬೇಕೆಂದಿಲ್ಲ. ತೀರಿಕೊಂಡ ಹಿರಿಯ ಗುರುಗಳೊಬ್ಬರ ಪಾತ್ರೆಗೆ ಮರುಲೇಪ ಮಾಡಿಸಿಕೊಂಡರೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ವಿಧಿಯ ಹೊತ್ತಿನಲ್ಲಿ ಗಮನಿಸಿ. ‘ಇವನು ಯೋಗ್ಯನೆಂದು ಬಲ್ಲಿರಾ?’ ಎಂದು ಬಿಷಪರು ಕೇಳುವುದು ನಮ್ಮನ್ನಲ್ಲ. ಜನರನ್ನೂ ತರಬೇತಿ ಕೊಟ್ಟವರನ್ನೂ ವಿಚಾರಿಸಿದ್ದೇವೆ ಎಂದು ಇನ್ನೊಬ್ಬರು ಉತ್ತರ ಕೊಡುತ್ತಾರೆ. ಯೋಗ್ಯತೆಯ ಮಾತು ನಡೆಯುವಾಗ ನಾವು ಮೌನ. ಆಮೇಲಿನ ಪ್ರಶ್ನೆಗಳ ಕೊನೆಯದಕ್ಕೆ ‘ದೇವರ ಸಹಾಯದಿಂದ’ ಎಂಬ ಮಾತು ಸೇರಿಸಿ ಒಪ್ಪಬೇಕು. ಗಾಬರಿಯಲ್ಲಿ ಹಲವರು ಅದನ್ನೇ ಬಿಡುತ್ತಾರೆ, ಬಾಯಿಪಾಠ ಮಾಡಿಡಿ. ಬಳಿಕ ಬಿಷಪರ ಕೈಗಳ ನಡುವೆ ಕೈಯಿಟ್ಟು ವಿಧೇಯತೆಯ ವಾಗ್ದಾನ, ಸಂತರ ಪ್ರಾರ್ಥನಾಮಾಲೆ ಮುಗಿಯುವವರೆಗೆ ನೆಲಕ್ಕೆ ಬೋರಲಾಗಿ ಮಲಗುವುದು. ಹಣೆಯ ಕೆಳಗೆ ಕೈ ಮಡಚಿಟ್ಟುಕೊಳ್ಳಿ, ಕನ್ನಡಕ ಜೇಬಿಗೆ ಹಾಕಿ. ಹಸ್ತಾರೋಪಣದಲ್ಲಿ ಬಿಷಪರೂ ಗುರುಗಳೂ ತಲೆಯ ಮೇಲೆ ಕೈಯಿಡುವಾಗ ಒಂದು ಪದವೂ ಇಲ್ಲ, ಹಾಡೂ ಇಲ್ಲ. ಗಾಯನ ತಂಡಕ್ಕೆ ಇದನ್ನು ಮೊದಲೇ ಹೇಳಿ.

ಮರುದಿನದಿಂದ ಅಪಾಯ. ನಿನ್ನೆವರೆಗೆ ‘ಏನೋ’ ಎನ್ನುತ್ತಿದ್ದ ಚಿಕ್ಕಪ್ಪ ‘ಫಾದರ್, ತಾವು’ ಎನ್ನುತ್ತಾರೆ. ಅಜ್ಜಿ ಅಂಗೈಗೆ ಮುತ್ತಿಡುತ್ತಾಳೆ. ಆ ಗೌರವ ದೀಕ್ಷೆಯಲ್ಲಿ ಅಂಗೈಗೆ ಹಚ್ಚಿದ ತೈಲಕ್ಕೆ ಸಲ್ಲುವಂಥದ್ದು, ಅದನ್ನು ಅಲ್ಲಿಗೇ ಸಲ್ಲಿಸಿಬಿಡಿ. ಹದಿನೈದು ದಿನಕ್ಕಿಂತ ಹೆಚ್ಚು ಸನ್ಮಾನಗಳಿಗೆ ಒಪ್ಪಬೇಡಿ. ಮನೆಗೆ ಮರಳಿದ ದಿನವೇ ಪಾತ್ರೆ ತೊಳೆಯುವ ಸರದಿಗೆ ಹೆಸರು ಬರೆಸಿ.

ಹೊರದೇಶದ ಮಿಷನ್ ಸಿಕ್ಕವರಿಗೆ ಕಾಗದದ ಕೆಲಸ ಮತ್ತೆ ಶುರು. ಪಾಸ್‌ಪೋರ್ಟಿಗೆ 36 ಪುಟದ್ದಾದರೆ 1,500 ರೂಪಾಯಿ, ಪೊಲೀಸ್ ಕ್ಲಿಯರೆನ್ಸಿಗೆ 500. ಪೂರ್ವ ಆಫ್ರಿಕಾದ ಕಡೆಗಾದರೆ ಹಳದಿ ಜ್ವರದ ಲಸಿಕೆ ಹೊರಡುವ ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಒಮ್ಮೆ ಹಾಕಿಸಿದರೆ ಆ ಕಾರ್ಡು ಜೀವನಪೂರ್ತಿ ನಡೆಯುತ್ತದೆ. ಸೆಲೆಬ್ರೆಟ್ ಎಂಬ ಗುರುವಿನ ಗುರುತುಪತ್ರ ಒಂದು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಇಲ್ಲವಾದರೆ ಅಪರಿಚಿತ ಊರಿನ ಚರ್ಚಿನಲ್ಲಿ ಬಲಿಪೂಜೆ (ಮಾಸ್) ನಡೆಸಲು ಬಿಡದಿದ್ದರೆ ಅವರದ್ದು ತಪ್ಪಲ್ಲ. ವೀಸಾ ಬರುವವರೆಗೆ ಎಷ್ಟು ಕಾಯಬೇಕೆಂದು ಯಾರೂ ಹೇಳಲಾರರು. ಆ ದಿನಗಳಲ್ಲಿ ಹೋಗುವ ನಾಡಿನ ಭಾಷೆಯ ಪುಸ್ತಕ ತೆಗೆಯಿರಿ, ಮತ್ತೆ ‘ನೀರು ಬೇಕು’ ಎಂಬಲ್ಲಿಂದ.

ಒಂದು ಕೆಲಸ ಎಲ್ಲರೂ ಮರೆಯುತ್ತಾರೆ. ದೀಕ್ಷೆ ಆದದ್ದನ್ನು ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ಪತ್ರ ಬರೆದು ತಿಳಿಸಬೇಕು (1054ನೇ ವಿಧಿ). ಬರೆಯಬೇಕಾದವರು ಮೇಲಧಿಕಾರಿಗಳು, ಆದರೆ ಮುಟ್ಟಿತೇ ಎಂದು ನೀವೇ ಹೋಗಿ ನೋಡಿ. ಅದೇ ಕಚೇರಿ, ಅದೇ ಬೆಂಚು. ಗುಮಾಸ್ತರು ಇಲ್ಲದಿದ್ದರೆ ಗುರುವಾರ ಹೋಗಿ. ಅದೇ ರಿಜಿಸ್ಟರು ತೆಗೆಯುತ್ತಾರೆ. ಸೇರುವಾಗ ಇರದಿದ್ದ ಒಂದು ಸಾಲು ಈಗ ಆ ಅಂಚಿನಲ್ಲಿ ಇರುತ್ತದೆ: ದೀಕ್ಷೆಯ ತಾರೀಖು, ಊರು, ಬೇರೆಯವರ ಕೈಬರಹದಲ್ಲಿ. ತಾರೀಖು ಸರಿಯಿದೆಯೇ ಎಂದಷ್ಟೇ ನೋಡಿಕೊಂಡು ಬನ್ನಿ.